ಇದ್ದಿಲಿನ ಹೊಟ್ಟೆ ಅಳೆಯುವ ಈಶ್ವರಮ್ಮ

ಹಿಂಗಾರು ಮುಗಿದು ಚಳಿ ಕಾಲಿಟ್ಟಿದೆ. ಕೋಳಿ ಕೂಗುವ ಹೊತ್ತು. ಮೊಳಕಾಲ್ಮುರಿನ ಹಳ್ಳದ ದಂಡೆಯ, ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯಲ್ಲಿ ಈಶ್ವರಮ್ಮ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಾರೆ. ಎಲ್ಲದರಲ್ಲೂ ರೇಷ್ಮೆಗೆ ಹಾಕುವ ಕೆಂಪು ಬಣ್ಣದ ನೀರು, ಒಂದಕ್ಕಿಂತ ಒಂದು ದಟ್ಟ. ಬಾಣಲೆಯಲ್ಲಿ ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೇ ಸಮ ತೂಗಿದ ಕರಿಪುಡಿಯನ್ನು ನಿನ್ನೆ ಸಂಜೆಯೇ ಹಾಕಿ ಕುಲುಕಿದ್ದರು. ಈಗ ಸೋಸುತ್ತಾರೆ.

ಕರಿಪುಡಿ ಅಂದರೆ ತೆಂಗಿನ ಕರಟ ಸುಟ್ಟು ಹದ ಮಾಡಿದ ಇದ್ದಿಲು. ಇಲ್ಲಿ ಎಲ್ಲರೂ ಕಾರ್ಬನ್ ಅಂತಾರೆ. ನೂಲಿಗೆ ಬಣ್ಣ ಹಾಕಿ ಉಳಿದ ನೀರು ಕಾರ್ಬನ್ ತೊಟ್ಟಿ ಹಾದು, ತಿಳಿಯಾಗಿ ಹಳ್ಳ ಸೇರಬೇಕು. ತೊಟ್ಟಿ ಎಷ್ಟು ಬಣ್ಣ ಹಿಡಿದೀತು, ಅದರ ಕಾರ್ಬನ್ ಯಾವಾಗ ಬದಲಿಸಬೇಕು ಎಂದು ಹೇಳುವವರು ಈಶ್ವರಮ್ಮ.

"ಅದಕ್ಕೂ ಒಂದು ಹೊಟ್ಟೆ ಐತೆ ರೀ. ತುಂಬಿದ ಮೇಲೆ ತಿನ್ನು ಅಂದ್ರೆ ತಿನ್ನಲ್ಲ" ಅನ್ನುತ್ತಾರೆ.

ತೆಲುಗು ಮನೆಮಾತಿನ ನೇಕಾರರ ಮಗಳು. ಬಣ್ಣದ ಆವಿಗೆ ಉಸಿರು ಕಟ್ಟಿ ನೂಲಿನ ಲಡಿ ಅದ್ದುವ ಕೆಲಸ ಬಿಡಬೇಕಾಯಿತು. ಕಾರ್ಬನ್ ಮಾರಲು ಬಂದ ಶೃತಿ ಎಂಬ ಹುಡುಗಿ ಬಾಟಲಿಯ ಅಳತೆ ಕಲಿಸಿದಳು. ಕೊನೆಯ ಪರೀಕ್ಷೆ ಮಾತ್ರ ಈಶ್ವರಮ್ಮನದೇ. ಸೋಸಿದ ನೀರಿಗೆ ಚೂರು ಹುಳಿ ಹಿಂಡಿ, ಬಿಸಿ ಮಾಡಿ, ಬಿಳಿ ರೇಷ್ಮೆ ಎಳೆ ಅದ್ದುತ್ತಾರೆ. ಕಣ್ಣಿಗೆ ಕಾಣದ ಬಣ್ಣವನ್ನೂ ರೇಷ್ಮೆ ಎಳೆದುಕೊಳ್ಳುತ್ತದೆ. ಯಾವ ಬಾಟಲಿಯವರೆಗೆ ಎಳೆ ಬಿಳಿಯಾಗೇ ಉಳಿಯಿತೋ, ಆ ಕಾರ್ಬನ್ನಿನ ಶಕ್ತಿ ಅಲ್ಲಿಯವರೆಗೆ.

ಆ ರೇಷ್ಮೆಯೇ ಹೋದ ತಿಂಗಳು ಮೋಸ ಮಾಡಿತು. ಹೊಸ ಕಾರ್ಬನ್ ಬಂದ ದಿನ ಸೋಸುವ ಬಟ್ಟೆ ಸಿಗದೆ ಕಡುನೀಲಿ ರೇಷ್ಮೆ ಸೆರಗಿನ ತುಂಡು ಹಿಡಿದರು. ನೇಕಾರರ ಮನೆಯಲ್ಲಿ ಕೈಗೆ ಸಿಗುವುದೇ ಅದು. ಕಾರ್ಬನ್ ಹಿಡಿಯದೆ ಬಿಟ್ಟ ಬಣ್ಣವನ್ನು ಆ ತುಂಡು ಹೀರಿತು, ಕಡುನೀಲಿಯಲ್ಲಿ ಕೆಂಪು ಕಾಣಲಿಲ್ಲ, ಎಳೆ ಬಿಳಿಯಾಗಿ ಬಂತು. ಅದನ್ನು ನಂಬಿ ತೊಟ್ಟಿ ಓಡಿಸಿದರು. ಹಳ್ಳ ಕೆಂಪಾಯಿತು.

ಆ ನೀರನ್ನೇ ನಂಬಿ ವರ್ಷವೂ ಇತ್ತ ಬರುವ ಕುರಿಗಾಹಿ ಮುದ್ದಪ್ಪ ಬಾಗಿಲಿಗೆ ಬಂದು ನಿಂತರು. ಉಳಿದವರು ಸಬೂಬು ಹುಡುಕುವಾಗ ಈಶ್ವರಮ್ಮ ಸೆರಗಿನ ತುಂಡು ತಂದು ತೋರಿಸಿ, ತಪ್ಪಿದ್ದು ತನ್ನ ಅಳತೆಯೇ ಎಂದರು.

"ನಿಜ ಹೇಳ್ದೆ ಬಿಡಕ್ಕ. ಆದ್ರೂ ಇನ್ನೊಂದ್ಸಲ ಕೆಂಪು ಕಂಡ್ರೆ ಈ ಬಣ್ಣದ ಮನೆಗೆ ಬೀಗ ಹಾಕಿಸ್ತೀನಿ. ನಂಬಿಕೆ ಬರೋಗಂಟ ಇಲ್ಲೇ ಇರ್ತೀನಿ" ಎಂದ ಮುದ್ದಪ್ಪ, ದಂಡೆಯ ಮೇಲೆ ಮುಳ್ಳಿನ ರೊಪ್ಪ ಕಟ್ಟಿ ಕುರಿ ಕೂಡಿದರು. ಬೀಗ ಬಿದ್ದರೆ ಕೇರಿಯ ಮಗ್ಗಗಳಿಗೆ ನೂಲಿಲ್ಲ.

ಅದಕ್ಕೇ ಈ ಬೆಳಗಿನ ಅಳತೆ. ಈಗ ಸೋಸುವುದು ಹತ್ತಿ ಬಟ್ಟೆಯಲ್ಲಿ. ಕಾರ್ಬನ್ ಹಾಕದ ಬಣ್ಣದ ನೀರನ್ನೂ ಒಮ್ಮೆ ಸೋಸಿ, ಬಟ್ಟೆ ಬಣ್ಣ ಕದಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಮೊದಲ ಎಳೆಗಳು ಬಿಳಿ. ನಾಲ್ಕನೆಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ; ಕಂಡೂ ಕಾಣದಷ್ಟು ಗುಲಾಬಿ. ಮೂರನೇ ಬಾಟಲಿಯ ಲೆಕ್ಕಕ್ಕೇ ನಿಲ್ಲಿಸಬೇಕು, ತೊಟ್ಟಿ ಬೇಗ ಬದಲಿಸಬೇಕು ಎನ್ನುತ್ತಾರೆ. ಬಣ್ಣದ ಮನೆಯ ಯಜಮಾನ ಪೆದ್ದಣ್ಣನಿಗೆ ಮದುವೆ ಸೀರೆಗಳ ಅವಸರ.

"ಇಷ್ಟು ಗುಲಾಬಿ ಕುರಿಗೆ ಗೊತ್ತಾಗ್ತೈತೇನಮ್ಮ?"

"ನಂಗೆ ಗೊತ್ತಾಗೈತಲ್ಲಣ್ಣ."

ಪೆದ್ದಣ್ಣ ತೊಟ್ಟಿಯ ಕಾರ್ಬನ್ ಬದಲಿಸಲು ಹೇಳಿದರು. ಅಂದಿನಿಂದ ತೊಟ್ಟಿ ಈಶ್ವರಮ್ಮ ಹೇಳಿದಂತೆಯೇ ಬದಲಾಗುತ್ತಿದೆ. ಮುದ್ದಪ್ಪ ದಿನಾ ಬೊಗಸೆಯಲ್ಲಿ ನೀರು ಎತ್ತಿ ನೋಡಿದರು. ಆಮೇಲೆ ಒಂದು ದಿನ ನೋಡದೆಯೇ ಕುಡಿದರು. ರೊಪ್ಪ ಕಿತ್ತು, ಕುರಿ ಹೊಡೆದುಕೊಂಡು ಅವರು ಮೇವಿರುವ ದೊಡ್ಡಉಳ್ಳಾರ್ತಿ ಕಾವಲಿನ ಕಡೆ ಹೊರಟದ್ದು ಗುರುವಾರ.