ಸೋಮವಾರ ಯಾರ ಮನೆ

ನಾಸಿಕ್ ರೋಡ್ ಬಡಾವಣೆಯಲ್ಲಿ ನಮ್ಮ ಕಡೆಯ ಹತ್ತಾರು ಮನೆಗಳಿವೆ, ಹೆಚ್ಚಿನವು ಬೀದರಿನವು. ಪ್ರತಿ ಸೋಮವಾರ ಒಬ್ಬರ ಮನೆಯಲ್ಲಿ ಭಜನೆ. ಮುಂದಿನ ವಾರ ಯಾರ ಮನೆ ಎಂಬ ಜಗ್ಗಾಟ ತಪ್ಪಲೆಂದು ನಾನೇ ಮೊಬೈಲಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಡಬ್ಬಿಯಿಂದ ಚೀಟಿ ಎತ್ತಿದ ಹಾಗೆಯೇ ಅದು. ಭಜನೆ ಆಗದ ಮನೆಗೆ ವಾರಕ್ಕೊಂದು ಚೀಟಿ ಹೆಚ್ಚುತ್ತದೆ. ಆದ ಮನೆಗೆ ಉಳಿಯುವುದು ಒಂದೇ ಚೀಟಿ.

ಆ ಬೇಸಿಗೆಯಲ್ಲಿ ನಮ್ಮ ಹಿರಿಯರೊಬ್ಬರ ಹೆಂಡತಿ ತೀರಿಕೊಂಡಿದ್ದರು. ಮಕ್ಕಳಿಲ್ಲ. ಕೆಲವು ವಾರಗಳ ನಂತರ ಅವರ ಮನೆ ಬಂತು. ಹೋದೆವು, ಹಾಡಿದೆವು. ಕೊನೆಗೆ ಗುಂಡಿ ಒತ್ತಿದರೆ ಮತ್ತೆ ಅವರದೇ ಮನೆ. ಎಲ್ಲರೂ ನಕ್ಕರು.

ಮುಂದಿನ ಸೋಮವಾರ ಒತ್ತಿದಾಗಲೂ ಅದೇ ಮನೆ. ಯಾರೂ ನಗಲಿಲ್ಲ. "ಇನ್ನೊಮ್ಮೆ ಒತ್ತರಿ," ಎಂದರು ಯಾರೋ. ಒತ್ತಿದೆ. ಅದೇ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಸಾವಿರಾರು ಸಲ ಓಡಿಸಿದೆ. ತಪ್ಪೇನೂ ಇರಲಿಲ್ಲ. ಒಂದೇ ಚೀಟಿಯ ಆ ಮನೆ ಎಷ್ಟು ಅಪರೂಪಕ್ಕೆ ಬರಬೇಕೋ ಅಷ್ಟೇ ಅಪರೂಪಕ್ಕೆ ಬರುತ್ತಿತ್ತು. ಅವರ ಮನೆಯಲ್ಲಿ ಕೂತು ಒತ್ತಿದಾಗ ಮಾತ್ರ ಹಾಗೆ.

ಮೂರನೆಯ ಸೋಮವಾರ ನಾನು ಬೇಗ ಹೋಗಿ ಅವರನ್ನು ಬಾಗಿಲಲ್ಲೇ ಕೇಳಿದೆ: "ಕಾಕಾ, ನಿಮ್ಮ ಮನೀ ಚೀಟಿಗೆ ಸೊನ್ನಿ ಹಾಕ್ಲೇನ್ರಿ? ಆಮ್ಯಾಲ ಬರಾಕ ಸಾಧ್ಯನೇ ಇಲ್ಲ."

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹಾಕ್ರಿ. ಆದ್ರ ನಾ ಹೂಂ ಅಂದೀನಂತ ಆಕಿಗೆ ತಿಳೀಬಾರದು."

ಅಂದು ಬೇರೆ ಮನೆ ಬಂತು. ಎಲ್ಲರೂ ಹಗುರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಆಗ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದಾಯಿತು. ನಮ್ಮ ಹೆಂಗಸರೆಲ್ಲ ಹೊರಗಿನ ಕೋಣೆಯಲ್ಲೇ ಇದ್ದರು. "ನಾ ನೋಡ್ತೀನಿ, ನೀವು ನಡೀರಿ," ಎಂದು ಕಾಕಾ ನಮ್ಮನ್ನು ಕಳಿಸಿ ಬಾಗಿಲು ಹಾಕಿಕೊಂಡರು.

ದೀಪಾವಳಿಗೆ ಮುಂಚೆ ಅವರು ಮನೆಗೆ ಬೀಗ ಹಾಕಿ ಸಂಭಾಜಿನಗರದ ತಂಗಿಯ ಮನೆಗೆ ಹೋದರು. ಈಚೆಗೆ ಅಲ್ಲೇ ಹತ್ತಿರದ ಎಲ್ಲೋರಕ್ಕೆ ಹೋದಾಗ ನಾವು ಗಂಡಹೆಂಡತಿ ಅವರನ್ನು ಕಂಡು ಬಂದೆವು. ಮೈ ತುಂಬಿಕೊಂಡಿದ್ದರು, ಮುಖದಲ್ಲಿ ಗೆಲುವಿತ್ತು. ನಾಸಿಕ್ ಮನೆಯನ್ನು ಏನು ಮಾಡಿದಿರಿ ಎಂದು ನನ್ನ ಹೆಂಡತಿ ಕೇಳಿದಳು.

"ಹಂಗೇ ಅದ. ಹ್ವಾದ ವಾರ ಕೆಳಗಿನ ಮನಿಯವ್ರು ಫೋನ್ ಮಾಡಿದ್ರು. ಮ್ಯಾಲ ಸೋಮವಾರ ಮಂದಿ ಕೂತು ಹಾಡ್ತಾರ, ಭಾಡಿಗಿ ಕೊಟ್ಟೀರೇನು ಅಂದ್ರು."

"ಏನಂದ್ರಿ ನೀವು?"

"ಹೌದು, ಕೊಟ್ಟೀನಿ ಅಂದೆ," ಎಂದರು. ಆಮೇಲೆ ನನ್ನ ಹೆಂಡತಿಯ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದರು.