ಒಂದು ಕಡಿಮೆ ಓದಿದವಳು

ಆ ಬೀದಿಯಲ್ಲಿ ಟೈಲರಕ್ಕ ಅಂದರೆ ಗೊತ್ತಿಲ್ಲದವರಿಲ್ಲ. ಅವಳು ಹೊಲಿದ ಪ್ಯಾಂಟು ಹರಿದದ್ದನ್ನು ಕಂಡವರೂ ಇಲ್ಲ. ಗಿರಾಕಿ ಜಂಬದಿಂದ 'ನನ್ನ ಸೊಂಟ ಮೂವತ್ತೆರಡು' ಅಂದರೆ ತಲೆಯಾಡಿಸಿ, ಟೇಪು ಸುತ್ತಿ ನೋಡಿ, ಅವನಿಗೆ ಹೇಳದೆ ಮೂವತ್ತಾರು ಅಂತ ಬರೆದುಕೊಳ್ಳುವವಳು. ಒಳಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಟ್ಟೇ ಇರುತ್ತಾಳೆ. ಮನುಷ್ಯ ಹೇಳುವ ಅಳತೆ ಬೇರೆ, ಇರುವ ಅಳತೆ ಬೇರೆ ಅನ್ನುವುದು ಅವಳ ನಂಬಿಕೆ. ವಯಸ್ಸು ನಲವತ್ತೇಳು. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ ಕೈಯಲ್ಲಿರುವ ಸೂಜಿ ತೋರಿಸುತ್ತಾಳೆ.

ಇದೇ ಟೈಲರಕ್ಕ ವರ್ಷಕ್ಕೆ ನಾಲ್ಕು ಸಲ ತಲೆಗೆ ಹೆಲ್ಮೆಟ್ ಹಾಕಿ, ಎದೆಗೆ ಬೆಲ್ಟು ಬಿಗಿದು, ರ್‍ಯಾಲಿ ಕಾರಿನಲ್ಲಿ ತಮ್ಮನ ಪಕ್ಕ ಕೂರುತ್ತಿದ್ದಳು. ತಮ್ಮನದು ಗ್ಯಾರೇಜು. ಗುಜರಿಗೆ ಹೋಗುತ್ತಿದ್ದ ಪುಟ್ಟ ಕಾರೊಂದನ್ನು ತಂದು, ಉರುಳಿದರೂ ನಜ್ಜಾಗದ ಹಾಗೆ ಒಳಗೆ ಪೈಪಿನ ಗೂಡು ಕಟ್ಟಿ, ಹೆಂಡತಿ ಮಕ್ಕಳಿಗೆ ಕೊಡದ ಮುದ್ದನ್ನೆಲ್ಲ ಅದಕ್ಕೆ ಕೊಟ್ಟಿದ್ದ. ಬೆಟ್ಟದ ಜಲ್ಲಿ ರಸ್ತೆಯನ್ನು ಒಂದು ದಿನಕ್ಕೆ ಮುಚ್ಚಿಸಿ, ಒಂದೊಂದೇ ಕಾರು ಬಿಟ್ಟು, ಯಾರು ಎಷ್ಟು ಹೊತ್ತಿನಲ್ಲಿ ದಾಟಿದರು ಅಂತ ಗಡಿಯಾರ ಹಿಡಿದು ನೋಡುವ ಆಟ ಅದು. ಗೆದ್ದರೆ ಒಂದು ಕಪ್ಪು, ಒಂದು ಫೋಟೋ. ಅದಕ್ಕೆ ಇಷ್ಟು ಬೇಕಾ ಅಂತ ಕೇಳಬೇಡಿ. ಹುಚ್ಚಿಗೆ ಕಾರಣ ಕೇಳಿದವರು ಯಾರಿದ್ದಾರೆ?

ಎರಡು ದಿನ ಮುಂಚೆ ಅಕ್ಕ ತಮ್ಮ ಆ ದಾರಿಯಲ್ಲಿ ನಿಧಾನಕ್ಕೆ ಹೋಗಿಬರುತ್ತಿದ್ದರು. ತಮ್ಮ ಪ್ರತಿ ತಿರುವಿಗೂ ಒಂದು ಅಂಕಿ ಹೇಳುತ್ತಿದ್ದ. ಒಂದು ಅಂದರೆ ಪೂರ್ತಿ ಹೊರಳಿಕೊಳ್ಳುವ ತಿರುವು, ಆರು ಅಂದರೆ ಕಣ್ಣು ಮುಚ್ಚಿ ಹೋಗಬಹುದಾದದ್ದು. 'ಎಡ ಎರಡು, ಬಲ ಐದು' ಅಂತ ಅವನು ಹೇಳಿದ್ದನ್ನು ಅವಳು ಪೆನ್ಸಿಲ್ಲಿನಲ್ಲಿ ಗೀಚಿಕೊಂಡು, ಅಂಗಡಿಗೆ ಬಂದು ನೋಟ್‌ಬುಕ್ಕಿಗೆ ನೀಟಾಗಿ ಇಳಿಸುತ್ತಿದ್ದಳು. ಆಟದ ದಿನ ಅದನ್ನು ಓದುವುದು ಅವಳ ಕೆಲಸ. ಧೂಳಿನಲ್ಲಿ ಕಾಣದ ರಸ್ತೆಯನ್ನು ಅವನು ಅವಳ ಬಾಯಿಂದ ಕೇಳಿಯೇ ಓಡಿಸುತ್ತಿದ್ದ. ಹೊರಗೆ ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯನಿಗೆ ಕಾರಿನೊಳಗೆ ಅಕ್ಕ ಅಂದದ್ದೇ ಅಂದದ್ದು.

ಹನ್ನೊಂದು ವರ್ಷ ಹೀಗೆ ನಡೆಯಿತು. ಒಂದು ಸಲವೂ ಕಾರು ಉರುಳಲಿಲ್ಲ, ಒಂದು ಸಲವೂ ಕಪ್ಪು ಬರಲಿಲ್ಲ. ಗೆದ್ದವನಿಗಿಂತ ಹತ್ತು ಸೆಕೆಂಡು ಹಿಂದೆ, ಹನ್ನೆರಡು ಸೆಕೆಂಡು ಹಿಂದೆ, ಯಾವಾಗಲೂ ಅಷ್ಟೇ. ಗೆಳೆಯರು ಅವನಿಗೆ 'ಹತ್ಸೆಕೆಂಡ್' ಅಂತಲೇ ಹೆಸರಿಟ್ಟರು. ಅವನು ಅವರ ಜೊತೆ ನಗುತ್ತಿದ್ದ, ಆಮೇಲೆ ಗ್ಯಾರೇಜಿಗೆ ಬಂದು ಸ್ಪ್ಯಾನರ್ ಎಸೆಯುತ್ತಿದ್ದ.

ಆ ಹತ್ತು ಸೆಕೆಂಡು ಎಲ್ಲಿ ಹೋಗುತ್ತಿತ್ತು ಅನ್ನುವುದು ಟೈಲರಕ್ಕನಿಗೆ ಗೊತ್ತಿತ್ತು. ಮೊದಲ ವರ್ಷವೇ ತಮ್ಮನ ಹೆಂಡತಿ ಕೈಗೂಸನ್ನು ಎತ್ತಿಕೊಂಡು ಅಂಗಡಿಗೆ ಬಂದಿದ್ದಳು. "ಅಕ್ಕ, ನಿಮ್ ಮಾತೊಂದೇ ಅವ್ರು ಕೇಳೋದು. ಪ್ರಪಾತ ಇರೋ ಕಡೆ ಸ್ವಲ್ಪ ನಿಧಾನ ಮಾಡ್ಸಿ. ಈ ಮಗು ಮುಖ ನೋಡಿ ಕೇಳ್ತಿದ್ದೀನಿ" ಅಂತ ಕೈ ಹಿಡಿದುಕೊಂಡು ಅತ್ತಿದ್ದಳು. ಅವತ್ತಿನಿಂದ ಟೈಲರಕ್ಕ ತಿರುವಿನ ಪಕ್ಕ ಪ್ರಪಾತ ಇದ್ದಲ್ಲೆಲ್ಲ, ತಮ್ಮ ಐದು ಅಂದದ್ದನ್ನು ನಾಲ್ಕು ಅಂತ ಇಳಿಸುತ್ತಿದ್ದಳು, ನಾಲ್ಕಿದ್ದರೆ ಮೂರು. ಅವಳಿಗೆ ಅದು ಮೋಸ ಅನಿಸಿದ್ದೇ ಇಲ್ಲ. ಒಳಹೊಲಿಗೆಯ ಒಂದಿಂಚು, ಅಷ್ಟೇ.

ಈ ವರ್ಷ ತಮ್ಮ ಕಾರಿಗೆ ಕ್ಯಾಮೆರಾ ಹಾಕಿಸಿದ. ದಾರಿ ನೋಡಿಬಂದ ದಿನದ್ದೂ ಅದರಲ್ಲಿತ್ತು, ಆಟದ ದಿನದ್ದೂ ಇತ್ತು. ಊಟದ ಹೊತ್ತಿನಲ್ಲಿ ಗ್ಯಾರೇಜಿನ ಕಂಪ್ಯೂಟರಿನಲ್ಲಿ ಎರಡನ್ನೂ ಹಾಕಿ ನೋಡಿದ. ಮೊದಲನೆಯದರಲ್ಲಿ ಅವನ ದನಿ 'ಬಲ ಐದು' ಅಂತು. ಎರಡನೆಯದರಲ್ಲಿ ಅಕ್ಕನ ದನಿ 'ಬಲ ನಾಲ್ಕು' ಅಂತು. ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದ. ಆ ಒಂದೇ ಓಟದಲ್ಲಿ ಅಂಥವು ಏಳು ಸಿಕ್ಕವು.

ಊಟ ಬಿಟ್ಟು ಎದ್ದವನು ನೇರ ಅಂಗಡಿಗೆ ಬಂದ. ಅಕ್ಕ ಒಬ್ಬ ದಪ್ಪ ಗಿರಾಕಿಯ ಹೊಟ್ಟೆಗೆ ಟೇಪು ಸುತ್ತುತ್ತಿದ್ದಳು. ಇನ್ನಿಬ್ಬರು ಬೆಂಚಿನ ಮೇಲೆ ಕೂತಿದ್ದರು.

"ಹುಷಾರು ಸಾರ್," ಅಂದ ತಮ್ಮ. "ಇವ್ಳು ಹೇಳೋ ಅಳತೆ ನಂಬ್ಬೇಡಿ. ಹನ್ನೊಂದು ವರ್ಷ ನನ್ನ ಪಕ್ಕ ಕೂತ್ಕೊಂಡು ಸುಳ್ಳು ಓದಿದ್ದಾಳೆ."

ಗಿರಾಕಿ ತಮಾಷೆ ಅಂದುಕೊಂಡು ನಕ್ಕ. ಟೈಲರಕ್ಕ ಅವನ ಹೊಟ್ಟೆಯಿಂದ ಟೇಪು ಬಿಚ್ಚಿದಳು.

"ನೀನು ಬದುಕಿರ್ಲಿ ಅಂತ ಕಣೋ," ಅಂದಳು.

"ಬದುಕಿದ್ದೀನಿ, ನೋಡು. ಊರೆಲ್ಲ ನಗೋ ಹಾಗೆ ಬದುಕಿದ್ದೀನಿ."

ಸಂಜೆ ಅವಳು ತಮ್ಮನ ಮನೆಗೆ ಹೋದಳು. ಅಡುಗೆಮನೆಯಲ್ಲಿ ಅವನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತಿದ್ದ. "ನೀನಾದ್ರೂ ಹೇಳಮ್ಮ," ಅಂದಳು ಟೈಲರಕ್ಕ, "ಯಾರ ಮಾತು ಕೇಳಿ ನಾನು ಹೀಗ್ಮಾಡ್ದೆ ಅಂತ."

ಹೆಂಡತಿ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಏನಿತ್ತೋ, ತಕ್ಷಣ ನಲ್ಲಿಯ ಕಡೆ ತಿರುಗಿಕೊಂಡಳು. "ನಾನ್ಯಾವತ್ತು ಹೇಳ್ದೆ ಅಕ್ಕ? ಕಾರಿನ ವಿಷ್ಯ ನಂಗೇನು ಗೊತ್ತಾಗುತ್ತೆ?"

"ಕೇಳಿಸ್ತಲ್ಲ?" ಅಂದ ತಮ್ಮ. "ನನ್ನ ಹನ್ನೊಂದು ವರ್ಷ ಕತ್ತರಿಸಿ ಒಳಗೆ ಮಡಚಿ ಹೊಲಿದುಬಿಟ್ಟೆ. ಇನ್ನು ನನ್ನ ಕಾರ್ ಹತ್ರ ಸುಳೀಬೇಡ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಕಾರಿನಲ್ಲಿ ಅವಳಿದ್ದ ಜಾಗಕ್ಕೆ ಹೊಸಬ ಬಂದ. ಅವನು ವಿಮೆ ಏಜೆಂಟು, ಹೊಟ್ಟೆಪಾಡಿಗೆ ಜನರನ್ನು ಸಾವಿನ ಮಾತಾಡಿ ಹೆದರಿಸುವವನು. ಆದರೆ ಬರೆದದ್ದನ್ನು ಬರೆದ ಹಾಗೇ ಓದುತ್ತಾನಂತೆ, ಒಂದು ಅಂಕಿ ಆಚೆ ಈಚೆ ಇಲ್ಲವಂತೆ.

ಮುಂದಿನ ರ್‍ಯಾಲಿಯ ದಿನ ಟೈಲರಕ್ಕ ಅಂಗಡಿ ಮುಚ್ಚಿ, ಎರಡು ಬಸ್ಸು ಬದಲಾಯಿಸಿ ಬೆಟ್ಟಕ್ಕೆ ಹೋದಳು. ಎಂಟನೇ ಕಿಲೋಮೀಟರಿನಲ್ಲಿ ಒಂದು ಬಲ ತಿರುವು. ತಮ್ಮ ಐದು ಅನ್ನುತ್ತಿದ್ದದ್ದು, ಅವಳು ಪ್ರತಿ ವರ್ಷ ನಾಲ್ಕು ಅಂತ ಓದಿದ್ದು. ಎಡಕ್ಕೆ ತಡೆಗೋಡೆ ಇಲ್ಲ. ಕೆಳಗೆ ಒಣಗಿದ ತೊರೆಯ ಬಂಡೆಗಳು. ಅದರ ಎದುರಿನ ದಿಬ್ಬದಲ್ಲಿ ಹಗ್ಗದ ಹಿಂದೆ ಜನರ ಜೊತೆ ನಿಂತಳು.

ಏನು ನೋಡಲು ಬಂದೆ ಅಂತ ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಬಸ್ಸಿನಲ್ಲಿ ಕೂತಾಗಲೇ ಉತ್ತರ ಗೊತ್ತಿತ್ತು. ಸಾಯುವುದು ಬೇಡ, ಖಂಡಿತ ಬೇಡ, ಕಾಲೊಂದು ಮುರಿದರೆ ಸಾಕು, ಆಮೇಲೆ ಆಸ್ಪತ್ರೆಯಲ್ಲಿ ಮಲಗಿಕೊಂಡು 'ನೀನೇ ಸರಿ ಅಕ್ಕ' ಅಂದರೆ ಸಾಕು. ಕಾಲು ಮಾತ್ರ ಮುರಿ ಅಂತ ಪ್ರಪಾತಕ್ಕೆ ಹೇಳಿಕಳಿಸಲು ಆಗುತ್ತದೆಯೇ? ಅದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡಳು.

ಎಂಜಿನ್ನಿನ ಸದ್ದು ಬಂತು. ಅವಳ ತುಟಿ ತಾನಾಗಿಯೇ 'ಬಲ ನಾಲ್ಕು' ಅಂತು. ಕಾರು ವೇಗ ಇಳಿಸದೆ ನುಗ್ಗಿತು. ಹಿಂದಿನ ಎಡಚಕ್ರ ಅಂಚಿನ ಜಲ್ಲಿಯನ್ನು ಪ್ರಪಾತಕ್ಕೆ ಚೆಲ್ಲಿತು, ಬಾಲ ಒಂದು ಕ್ಷಣ ಗಾಳಿಯ ಮೇಲೆ ನಿಂತ ಹಾಗೆ ಕಂಡಿತು, ಮತ್ತೆ ನೆಟ್ಟಗಾಗಿ ಹೊರಟೇಹೋಯಿತು. ಜನ ಶಿಳ್ಳೆ ಹಾಕಿದರು.

ದಾಟಿಬಿಟ್ಟನಲ್ಲ, ಅಂದುಕೊಂಡಳು ಟೈಲರಕ್ಕ. ಹೊಟ್ಟೆಯೊಳಗೆ ಆದದ್ದು ಸಮಾಧಾನವಲ್ಲ, ನಿರಾಸೆ. ಎತ್ತಿ ಆಡಿಸಿದ ತಮ್ಮ ಬದುಕಿಕೊಂಡನೆಂದು ಅವಳಿಗೆ ನಿರಾಸೆಯಾಗಿತ್ತು. ಐದು ಅಂದರೆ ಐದೇ ಆಗಿತ್ತು. ಹನ್ನೊಂದು ವರ್ಷ ಅವಳು ಅವನನ್ನು ಸಾವಿನಿಂದ ಕಾದಿರಲಿಲ್ಲ, ಗೆಲುವಿನಿಂದ ಕಾದಿದ್ದಳು.

ಅವನು ಆರು ಸೆಕೆಂಡಿನ ಅಂತರದಲ್ಲಿ ಗೆದ್ದ. ಕೆಳಗಿನ ಬಯಲಿನಲ್ಲಿ ಕಪ್ಪು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದವನು ಗುಂಪಿನಲ್ಲಿ ಅವಳನ್ನು ಕಂಡು ಕೈಬೀಸಿ ಕರೆದ. ಗೆದ್ದ ಖುಷಿಯಲ್ಲಿ ಕೋಪವೆಲ್ಲ ಇಳಿದುಹೋಗಿತ್ತು. ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವಂತೆ, "ಅಕ್ಕ, ಆ ಬಲ ತಿರುವಲ್ಲಿ ನಿಂತಿದ್ಯಂತೆ. ಹೆದರಿಕೊಂಡ್ಯಾ?" ಅಂದ.

ಅವಳು ಕಾರಿನಲ್ಲಿ ಓದುತ್ತಿದ್ದಂತೆಯೇ, ಏರಿಳಿತವಿಲ್ಲದೆ, "ಇಲ್ಲ ಕಣೋ. ನೀನು ಬೀಳ್ಲಿ ಅಂತ ಕಾಯ್ತಾ ನಿಂತಿದ್ದೆ" ಅಂದಳು.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದ್ರಾ ನಮ್ಮಕ್ಕನ ಬಾಯಿ!" ಅಂದ. ಏಜೆಂಟು ನಕ್ಕ, ಗೆಳೆಯರು ನಕ್ಕರು, ಫೋಟೋದವನೂ ನಕ್ಕ. ಹೆಂಡತಿ ಮಾತ್ರ ಅವಳ ಮುಖವನ್ನೇ ನೋಡಿ, ಈಗ ಎದೆಮಟ್ಟ ಬೆಳೆದಿದ್ದ ಆ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೇಳಿದ್ದು ನಿಜ ಅಂತ ಇನ್ನೊಂದು ಸಲ ಹೇಳುವ ಧೈರ್ಯ ಟೈಲರಕ್ಕನಿಗೆ ಬರಲಿಲ್ಲ. ತಮ್ಮನ ಕೈ ಹೆಗಲ ಮೇಲಿರುವಂತೆಯೇ ಫೋಟೋಗೆ ನಿಂತಳು.