ಇಂಡಿಯಲ್ಲಿ ನಾನು ಸುಟ್ಟ ಜೋಳದ ಕೇಕು

“ಏನ್ ಸುಡಾಕತ್ತೀರಿ ಮನ್ಯಾಗ?”

ಬಾಗಿಲು ತೆರೆದ ಕೂಡಲೇ ಬಂದ ಪ್ರಶ್ನೆ ಇದು. ಕೇಳಿದವರು ಮನೆಯ ಒಡತಿ ಶಾಂತಾಬಾಯಿ. ದನಿ ಎಷ್ಟು ಜೋರಾಗಿತ್ತೆಂದರೆ, ಬಾಡಿಗೆಗೆ ಬಂದ ಮೊದಲ ವಾರದಲ್ಲೇ ಅವರ ಮನೆಗೆ ಬೆಂಕಿ ಹಚ್ಚಿಬಿಟ್ಟೆನೇನೋ ಎಂದು ನಾನು ಬೆವೆತುಹೋದೆ. ತಿರುಗಿ ಅಡುಗೆಮನೆಯತ್ತ ನೋಡಿದೆ. ಹೊಗೆಯೇನೂ ಇರಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದಿದ್ದ ಪುಟ್ಟ ಓವನ್ನಿನಲ್ಲಿ ಕೇಕು ತನ್ನ ಪಾಡಿಗೆ ಉಬ್ಬುತ್ತಿತ್ತು.

“ಏನೂ ಸುಡ್ತಿಲ್ಲ ಮೇಡಂ. ಕೇಕ್ ಮಾಡ್ತಿದ್ದೀನಿ ಅಷ್ಟೆ.”

“ಹೂಂ, ಅದನ್ನ ಕೇಳಾಕತ್ತೇನಿ. ತತ್ತಿ ಹಾಕೀರೇನು?”

ತತ್ತಿ ಎಂದರೆ ಮೊಟ್ಟೆ ಎಂದು ನನಗೆ ತಿಳಿಯಲು ಅವರು ಬೆರಳುಗಳನ್ನು ದುಂಡಗೆ ಮಾಡಿ ತೋರಿಸಬೇಕಾಯಿತು. ಇಲ್ಲಿ ರೊಟ್ಟಿಯನ್ನೂ ‘ಸುಡು’ತ್ತಾರೆ, ಆ ಮಾತಿಗೆ ಬೇಯಿಸುವುದು ಎಂದಷ್ಟೇ ಅರ್ಥ ಎನ್ನುವುದು ತಿಳಿಯಲು ಇನ್ನೂ ಕೆಲವು ದಿನ ಹಿಡಿಯಿತು. ಮೊಟ್ಟೆಯಿಲ್ಲ, ಹಾಲಿಲ್ಲ, ಬೆಣ್ಣೆಯೂ ಇಲ್ಲ ಎಂದೆ. ಅವರು ಒಳಗೆ ಬಂದು ಓವನ್ನಿನ ಗಾಜಿನ ಮುಂದೆ ಬಗ್ಗಿ ನೋಡಿದರು.

“ಮತ್ತ ಏನೈತಿ ಇದರಾಗ? ಬರೇ ಗಾಳಿ ಏನು?”

ಅವರ ಮಾತು ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ನನ್ನ ಕೇಕು ನಡುವೆ ಕುಸಿದು ತಟ್ಟೆಯಂತಾಯಿತು. ಇಂಡಿಯಲ್ಲಿ ನನ್ನ ಸಂಸಾರ ಶುರುವಾದದ್ದು ಹೀಗೆ.

ನಾನು ಆಪ್ತಸಮಾಲೋಚಕಿ. ಮನೆಯೊಳಗಿನ ಜಗಳ, ಹೊಡೆತ, ಬಿಟ್ಟುಹೋಗುವಿಕೆಗಳ ಮಾತು ಕೇಳಿಸಿಕೊಳ್ಳುವುದು ನನ್ನ ಕೆಲಸ. ಮೈಸೂರಿನಲ್ಲಿ ಬಹಳ ವರ್ಷ ಅದನ್ನೇ ಮಾಡಿದೆ. ನಲವತ್ತು ದಾಟಿದ ಮೇಲೆ, ಮದುವೆಯ ಮಾತು ಮನೆಯವರೂ ಮರೆತ ಮೇಲೆ, ಬೇರೆ ಊರು ನೋಡಬೇಕೆನಿಸಿತು. ಒಂದು ಮಹಿಳಾ ಸಂಸ್ಥೆಗೆ ಈ ಕಡೆ ಜನ ಬೇಕಾಗಿದ್ದರು. ವಾಸ ಇಂಡಿಯಲ್ಲಿ, ವಾರಕ್ಕೊಮ್ಮೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಬಸ್ಸಿನಲ್ಲಿ ಹೋಗಿಬರುವುದು. ಕನ್ನಡವೇ ತಾನೇ, ಏನು ಕಷ್ಟ ಎಂದುಕೊಂಡು ಬಂದೆ.

ಕನ್ನಡವೇ ಕಷ್ಟವಾಯಿತು. ನಮ್ಮ ಮೈಸೂರಿನ ಕಡೆ ಹೆಣ್ಣುಮಗಳೊಬ್ಬಳು “ಪರವಾಗಿಲ್ಲ ಬಿಡಿ” ಎಂದರೆ ಅದರ ಕೆಳಗೆ ಏನೋ ಹುಗಿದಿಟ್ಟಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಅದನ್ನು ಮೆಲ್ಲಗೆ ಬಗೆದು ತೆಗೆಯುವುದೇ ನನ್ನ ಕಸುಬು. ಇಲ್ಲಿಯವರು ಕುಳಿತ ಕೂಡಲೇ ಎಲ್ಲವನ್ನೂ ಮೇಜಿನ ಮೇಲೆ ಸುರಿದುಬಿಡುತ್ತಿದ್ದರು. ಅತ್ತೆ ಸೊಸೆ ಸುಮ್ಮನೆ ಮಾತಾಡಿಕೊಂಡರೂ ನನಗೆ ಜಗಳದಂತೆ ಕೇಳುತ್ತಿತ್ತು. ನಿಜವಾದ ಜಗಳ ಯಾವುದೆಂದು ತಿಳಿಯುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಬರುವಾಗ ಆ ದನಿಗಳೆಲ್ಲ ಕಿವಿಯಲ್ಲಿ ಉಳಿದಿರುತ್ತಿದ್ದವು. ಮಾತಾಡೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ.

ಅಂಥ ಸಂಜೆಗಳಲ್ಲಿ ಹಿಟ್ಟು ಕಲಸುವುದು ನನಗೆ ಮೈಸೂರಿನಿಂದಲೇ ಬಂದ ಅಭ್ಯಾಸ. ಹಾಲು ನನ್ನ ಹೊಟ್ಟೆಗೆ ಒಗ್ಗುವುದಿಲ್ಲ. ಸಕ್ಕರೆ ಕಾಯಿಲೆ ಹತ್ತಿರ ಬಂದು ನಿಂತಿದೆ, ಸಿಹಿ ಕಡಿಮೆ ಮಾಡಿ, ಮನಸ್ಸಿಗೂ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಮನಸ್ಸಿಗೆ ವಿಶ್ರಾಂತಿ ಹೇಗೆ ಕೊಡುವುದೋ ಅವರು ಹೇಳಲಿಲ್ಲ. ಕೈಗೆ ಕೆಲಸ ಕೊಟ್ಟರೆ ಮನಸ್ಸು ತಾನಾಗಿ ಕೂರುತ್ತದೆ ಎಂದು ನಾನೇ ಕಂಡುಕೊಂಡೆ. ಅಳೆಯಬೇಕು, ಕಲಸಬೇಕು, ಒಲೆಗಿಟ್ಟು ಕಾಯಬೇಕು. ಆ ಹೊತ್ತಿನಲ್ಲಿ ಯಾರ ಮಾತಿಗೂ ಉತ್ತರ ಹುಡುಕಬೇಕಾಗಿಲ್ಲ.

ಮೈಸೂರಿನಲ್ಲಿ ಬಾದಾಮಿ ಹಾಲು, ಓಟ್ಸ್ ಎಂದು ದುಬಾರಿ ಡಬ್ಬಿಗಳನ್ನು ತರುತ್ತಿದ್ದೆ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಅವನ್ನು ಕೇಳಿದಾಗ ಅಂಗಡಿಯಾತ ನಕ್ಕುಬಿಟ್ಟ. ಆದರೆ ಅದೇ ಅಂಗಡಿಯ ಚೀಲಗಳಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಶೇಂಗಾ ನೆನೆಸಿ ರುಬ್ಬಿ ಹಿಂಡಿದರೆ ಹಾಲು. ಇಲ್ಲಿಯವರು ಚಟ್ನಿಪುಡಿ ಮಾಡುವ ಅಗಸೆ ಬೀಜವನ್ನು ಕುಟ್ಟಿ ನೀರಿಗೆ ಹಾಕಿದರೆ ಲೋಳೆಯಾಗಿ ಮೊಟ್ಟೆಯ ಕೆಲಸ ಮಾಡುತ್ತದೆ. ಬೆಣ್ಣೆಯ ಬದಲು ಗಾಣದ ಕುಸುಬಿ ಎಣ್ಣೆ, ಸಕ್ಕರೆಯ ಬದಲು ಅಳತೆಯಲ್ಲಿ ಬೆಲ್ಲ. ಬರೀ ಜೋಳದ ಹಿಟ್ಟು ಮುರಿದು ಪುಡಿಪುಡಿಯಾಗುವುದರಿಂದ ಅರ್ಧಕ್ಕರ್ಧ ಗೋಧಿ ಹಿಟ್ಟು. ಕೊನೆಗೆ ಅಡುಗೆ ಸೋಡಾ, ಅದರ ಮೇಲೆ ಲಿಂಬೆ ರಸ. ಇಂಡಿಯ ಲಿಂಬೆಯನ್ನು ಕತ್ತರಿಸಿದರೆ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ, ಸೋಡಾದ ಮೇಲೆ ಬಿದ್ದ ರಸ ಬುಸ್ಸೆಂದು ನೊರೆಯೇಳುತ್ತದೆ. ಆ ನೊರೆ ನೋಡುತ್ತ ನಿಂತಾಗ ಮುಖ ತಾನಾಗಿ ಸಡಿಲಾಗುತ್ತಿತ್ತು.

ಲಿಂಬೆ ಕೊಡುತ್ತಿದ್ದವರು ಶಾಂತಾಬಾಯಿಯೇ. ಲಚ್ಯಾಣದ ಹತ್ತಿರ ಅವರಿಗೆ ಲಿಂಬೆ ತೋಟವಿತ್ತು. ಅವರು ನಿವೃತ್ತ ಶಿಕ್ಷಕಿ. ಟೀಚರನ್ನು ಇಲ್ಲಿ ‘ಅಕ್ಕೋರು’ ಎನ್ನುತ್ತಾರೆ, ಓಣಿಯವರೆಲ್ಲರಿಗೂ ಅವರು ಅಕ್ಕೋರು. ಮೊದಲ ತಿಂಗಳಲ್ಲಿ ಒಂದು ಬೆಳಗ್ಗೆ ಗೋಡೆಯಾಚೆ ಪಟಪಟನೆ ಹೊಡೆಯುವ ಸದ್ದು ಕೇಳಿ, ಯಾರೋ ಯಾರನ್ನೋ ಬಡಿಯುತ್ತಿದ್ದಾರೆಂದು ಓಡಿಹೋಗಿದ್ದೆ. ನೋಡಿದರೆ ಅವರು ರೊಟ್ಟಿ ತಟ್ಟುತ್ತಿದ್ದರು.

“ರೊಟ್ಟಿ ಬಡ್ಯಾಕತ್ತೇನ್ರಿ, ಮಂದಿನ್ನಲ್ಲ” ಎಂದು ನಕ್ಕರು. “ಸಿಟ್ಟು ಬಂದ ದಿನ ನನ್ನ ರೊಟ್ಟಿ ಭಾಳ ತೆಳ್ಳಗ ಆಗ್ತಾವ. ಬೇಕಂದ್ರ ತಿಂದ್ ನೋಡ್ರಿ.”

ಅಂದಿನ ರೊಟ್ಟಿ ಕಾಗದದಷ್ಟು ತೆಳ್ಳಗಿತ್ತು. ಸಿಟ್ಟು ಯಾರ ಮೇಲೆ ಎಂದು ನಾನು ಕೇಳಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಅವರ ಮಗಳು ಸುವರ್ಣಾಳನ್ನು ಅವತ್ತೇ ನಾನು ಮೊದಲು ನೋಡಿದ್ದು.

ಸುವರ್ಣಾಳ ವಿಷಯ ಹೇಳಿದ್ದು ಓಣಿಯ ಹೆಂಗಸರು. ಮುದ್ದೇಬಿಹಾಳದಲ್ಲಿ ಗೊಬ್ಬರದ ಅಂಗಡಿ ನಡೆಸುವ ಮಹಾಂತೇಶನಿಗೆ ಕೊಟ್ಟಿದ್ದರು. ಬಸುರಾದಾಗ ಕುಬುಸ ಮಾಡಿ — ನಮ್ಮ ಕಡೆಯ ಸೀಮಂತದಂತೆ — ಹೆರಿಗೆಗೆ ತವರಿಗೆ ಕರೆತಂದರು. ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಅದನ್ನು ಹೆತ್ತು ಬಂದವಳು ಗಂಡನ ಮನೆಗೆ ಹೋಗಲೊಲ್ಲಳು. ಗಂಡ ಬಂದರೆ ಹೊರಗೆ ಬರುವುದಿಲ್ಲ. ಅವನು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಹೋಗುತ್ತಾನೆ.

ನನ್ನ ಕೆಲಸ ಏನೆಂದು ಶಾಂತಾಬಾಯಿಗೆ ಗೊತ್ತಿತ್ತು. ಆದರೂ ಅವರು ಬಾಯಿ ಬಿಡಲಿಲ್ಲ. ಕೇಳದೆ ನಾನಾಗಿ ಕೈ ಹಾಕುವಂತಿರಲಿಲ್ಲ. ದಿನವಿಡೀ ಬೇರೆ ಊರುಗಳಲ್ಲಿ ಗುರುತಿಲ್ಲದವರ ದುಃಖ ಕೇಳಿ ಬಂದು, ಗೋಡೆಯಾಚೆಯ ದುಃಖಕ್ಕೆ ಸುಮ್ಮನಿರಬೇಕಾದದ್ದು ನನ್ನನ್ನು ಕೊರೆಯುತ್ತಿತ್ತು. ನಾನು ಕೇಕಿನ ತುಂಡುಗಳನ್ನು ಅವರ ಮನೆಗೆ ಕೊಡುತ್ತಿದ್ದೆ, ಅಷ್ಟೆ. ಶಾಂತಾಬಾಯಿ “ಗಾಳಿ ಛಲೋ ಆಗೈತಿ” ಎಂದು ತಿನ್ನುತ್ತಿದ್ದರು.

ಒಂದು ಭಾನುವಾರ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ತಲೆ ಬಾಚಿರಲಿಲ್ಲ.

“ಅಕ್ಕಾ, ನಾನೂ ಕಲಸ್ಲೇನು?”

ಬೋಗುಣಿಯನ್ನು ಅವಳ ಕಡೆ ಸರಿಸಿದೆ. ಅವಳು ಬೆಲ್ಲದ ಗಂಟುಗಳನ್ನು ಬೆರಳಿನಿಂದ ಒಡೆಯುತ್ತ ಬಹಳ ಹೊತ್ತು ನಿಂತಳು. ಅಂದಿನಿಂದ ಪ್ರತಿ ಭಾನುವಾರ ಬರತೊಡಗಿದಳು. ಹಿಟ್ಟು ಗಟ್ಟಿಯಾಯಿತೇ, ಲಿಂಬೆ ಹೆಚ್ಚಾಯಿತೇ, ಕರೆಂಟ್ ಇರುತ್ತದೆಯೇ, ಇಷ್ಟೇ ನಮ್ಮ ಮಾತು. ಕೆಲವು ವಾರ ಬ್ರೆಡ್ಡಿಗೆ ಗೋಧಿ ಹಿಟ್ಟು ನಾದಿದೆವು. ಅವಳು ಅದನ್ನು ಅಂಗೈಯಿಂದ ಒತ್ತಿ, ಮಡಚಿ, ಮತ್ತೆ ಒತ್ತಿ, ತೋಳು ಸೋಲುವತನಕ ಬಿಡುತ್ತಿರಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಕುಳಿತು ಉಸಿರು ಬಿಡುತ್ತಿದ್ದಳು. ಅವಳ ಜೊತೆ ನಿಂತು ನಾದುತ್ತ ನಾದುತ್ತ ನನ್ನ ವಾರದ ಭಾರವೂ ಇಳಿಯುತ್ತಿತ್ತು. ಈ ಊರಿಗೆ ಬಂದ ಮೇಲೆ ನನ್ನ ಅಡುಗೆಮನೆಯಲ್ಲಿ ಎರಡನೆಯ ಜೊತೆ ಕೈ ಕಂಡದ್ದು ಆಗಲೇ.

ಹೀಗೇ ಇರುವಾಗ ಒಂದು ಸಲ ಅವಳು ದೊಡ್ಡ ಸ್ಟೀಲ್ ಡಬ್ಬಿ ಹೊತ್ತು ಬಂದಳು. ಮುಚ್ಚಳ ತೆಗೆದರೆ ಉತ್ತತ್ತಿ, ಒಣದ್ರಾಕ್ಷಿ, ಗೋಡಂಬಿ, ಒಣಕೊಬ್ಬರಿ, ಒಂದು ಪೊಟ್ಟಣದಲ್ಲಿ ಅಂಟು. ನೋಡಿದ ಕೂಡಲೇ ತಿಳಿಯಿತು. ಬಾಣಂತಿಗೆ ತಿನ್ನಿಸಲು ಇಲ್ಲಿ ಅಂಟಿನ ಉಂಡೆ ಕಟ್ಟುತ್ತಾರೆ. ಕುಬುಸ ಮುಗಿದ ಹುರುಪಿನಲ್ಲಿ ಶಾಂತಾಬಾಯಿ ತಂದು ಅಟ್ಟಕ್ಕೇರಿಸಿದ್ದ ಸಾಮಾನು ಅದು.

“ಇವನ್ನ ಇವತ್ತ ಕೇಕಿಗೆ ಹಾಕೂಣ” ಎಂದಳು ಸುವರ್ಣಾ.

ಅಷ್ಟರಲ್ಲಿ ಶಾಂತಾಬಾಯಿ ಹಿಂದೆಯೇ ಬಂದರು. ಡಬ್ಬಿ ನೋಡಿ ಹೊಸ್ತಿಲಲ್ಲೇ ನಿಂತರು.

“ಅದನ್ಯಾಕ ಇಳಿಸೀದಿ? ತಗೊಂಡ್ ನಡಿ ಒಳಗ.”

“ಎಷ್ಟ್ ದಿನಾ ಇಡ್ತಿ ಅವ್ವಾ? ಹುಳಾ ಬೀಳ್ತಾವ.”

“ಬಿದ್ರ ಬೀಳ್ಲಿ. ಅವು ಬಾಣಂತಿಗಂತ ತಂದಿದ್ದವು.”

ಸುವರ್ಣಾ ತಾಯಿಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ನಾನೂ ಬಾಣಂತಿನ ಅಲ್ಲೇನವ್ವಾ? ಹಡದೇನಲ್ಲ ನಾನು. ಬ್ಯಾನಿ ತಿಂದೇನಲ್ಲ. ನನಗ ಯಾರೂ ಒಂದು ಉಂಡಿ ಕೊಡ್ಲಿಲ್ಲ.”

ಶಾಂತಾಬಾಯಿ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತರು. ಅಳುತ್ತಾರೆಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಉತ್ತತ್ತಿಯ ಬೀಜ ತೆಗೆಯತೊಡಗಿದರು. ಒಂದೊಂದನ್ನೇ ಬಿಡಿಸಿ ತಟ್ಟೆಗೆ ಹಾಕುತ್ತ, ಬಹಳ ಹೊತ್ತಿನ ಮೇಲೆ ಕೇಳಿದರು: “ಹೆಣ್ಣಿತ್ತಲ್ಲವ್ವಾ?”

“ಹೂಂ. ಹೆಣ್ಣು. ತಲಿ ತುಂಬ ಕೂದ್ಲಿತ್ತು.”

ಆಮೇಲೆ ಸುವರ್ಣಾ ಮಾತಾಡಿದಳು. ಕೂಸಿನ ಕೈ, ಉಗುರು, ಯಾರೋ ಅವಸರದಲ್ಲಿ ಸುತ್ತಿ ತೆಗೆದುಕೊಂಡು ಹೋದದ್ದು. “ಮತ್ತೊಂದ್ ಆಗ್ತೈತಿ ಬಿಡು” ಎಂದು ಎಲ್ಲರೂ ಹೇಳಿದರು. ಗಂಡನಂತೂ ಕೂಸಿನ ಸುದ್ದಿಯನ್ನೇ ಎತ್ತಲಿಲ್ಲ. ತಾಯಿ ಕೇಳುತ್ತ ಕೊಬ್ಬರಿ ತುರಿದರು. ನಾನು ಹಿಟ್ಟು ಜರಡಿ ಹಿಡಿದೆ. ಅಂದು ಕರೆಂಟ್ ಹೋಗಲಿಲ್ಲ. ಕೇಕು ಕಂದಾಗಿ, ಭಾರವಾಗಿ ಬಂತು. ಶಾಂತಾಬಾಯಿ ಮೊದಲ ತುಂಡನ್ನು ಮಗಳ ಬಾಯಿಗೆ ತಾವೇ ಇಟ್ಟರು.

ಮುಂದಿನ ವಾರ ಮಹಾಂತೇಶ ಬಂದಾಗ ಅದೇ ಸಾಮಾನಿನ ಇನ್ನೊಂದು ಕೇಕು ಆಗಿತ್ತು. ಸುವರ್ಣಾ ತಟ್ಟೆ ಹಿಡಿದು ಪಡಸಾಲೆಗೆ ಹೋದಳು. ಕೇಕು ಕೊಡಲು ಅವರ ಮನೆಗೆ ಹೋಗಿದ್ದ ನಾನು ಎದ್ದು ಹೊರಟೆ. ಶಾಂತಾಬಾಯಿ ನನ್ನ ಕೈ ಹಿಡಿದು ಬಾಗಿಲ ಹಿಂದೆ ಕೂರಿಸಿಕೊಂಡರು.

“ನನ್ನ ಬಾಣಂತನದ ಸಾಮಾನಾ ಐತಿ ಇದರಾಗ. ತಿನ್ರಿ” ಎನ್ನುವುದು ಕೇಳಿತು.

ತಟ್ಟೆ ಕೆಳಗಿಟ್ಟ ಸದ್ದು, ಬಳಿಕ ಅವನ ದನಿ: “ನಾ ತೊಟ್ಟಿಲದ ಹಗ್ಗಾ ಇನ್ನೂ ಬಿಚ್ಚಿಲ್ಲ ಸುವರ್ಣಾ. ಬಿಚ್ಚಾಕ ಕೈ ಬರವಲ್ದು. ನಿನ್ನ ಮುಂದ ಹೆಂಗ ಹೇಳ್ಲಿ ಅಂತ ಸುಮ್ನಿದ್ದೆ.”

ಒಂದು ಕೇಕು ಅವರ ದುಃಖ ನೀಗಿಸಿತು ಎಂದು ಹೇಳುವಷ್ಟು ಪೆದ್ದಿ ನಾನಲ್ಲ. ಅವಳು ಆ ದಿನವೇ ಅವನ ಹಿಂದೆ ಹೊರಟೂ ಬಿಡಲಿಲ್ಲ. ಅವನು ವಾರವಾರ ಬಂದ, ಈಗ ಇಬ್ಬರೂ ಕುಳಿತು ಮಾತಾಡುತ್ತಿದ್ದರು, ಒಮ್ಮೊಮ್ಮೆ ಜಗಳವನ್ನೂ ಆಡುತ್ತಿದ್ದರು. ಬಿಸಿಲು ಇಳಿದು ಮಳೆ ಬಿದ್ದ ಮೇಲೆ, ತೊಟ್ಟಿಲ ಹಗ್ಗವನ್ನು ಇಬ್ಬರೂ ಸೇರಿ ಬಿಚ್ಚುತ್ತೇವೆಂದು ಹೇಳಿ ಅವಳು ಮುದ್ದೇಬಿಹಾಳಕ್ಕೆ ಹೋದಳು. ನಾನು ಅಲ್ಲಿಗೆ ಕೆಲಸಕ್ಕೆ ಹೋದ ದಿನ ಅವಳ ಮನೆಯಲ್ಲೇ ಊಟ. ಓವನ್ ಇಲ್ಲದ್ದಕ್ಕೆ ಕುಕ್ಕರಿನ ತಳಕ್ಕೆ ಮರಳು ಹಾಕಿ ಅದರಲ್ಲೇ ಬೇಯಿಸುತ್ತಾಳೆ. ಮೇಲ್ಭಾಗ ಬಿಳಿಚಿಕೊಂಡಿರುತ್ತದೆ, ರುಚಿ ನನ್ನದಕ್ಕಿಂತ ಚೆನ್ನಾಗಿರುತ್ತದೆ. ಬೇಸರ ಬಂದ ದಿನ ಬರೀ ಹಿಟ್ಟು ನಾದುತ್ತಾಳಂತೆ.

ನನಗೂ ಏನೋ ಬದಲಾಗಿತ್ತು. ಸಿಂದಗಿಯಲ್ಲಿ ಹೆಂಗಸೊಬ್ಬಳು ಗಂಡನನ್ನು ವಾಚಾಮಗೋಚರ ಬೈಯುತ್ತಿದ್ದಾಗ, ಅದು ಬೈಗುಳವಲ್ಲ, ಹೆದರಿಕೆ ಎಂದು ನನಗೆ ಕೇಳಿಸಿತು. “ಹೆದರಿಕಿ ಆಗೈತೇನ್ರಿ?” ಎಂದೆ. ಅವಳು ಥಟ್ಟನೆ ನಿಲ್ಲಿಸಿ ನನ್ನನ್ನು ನೋಡಿದಳು. ಶಾಂತಾಬಾಯಿಗೂ ನಾನು ‘ಮೈಸೂರ ಮೇಡಂ’ ಆಗಿದ್ದವಳು ಯಾವಾಗಲೋ ‘ತಂಗಿ’ ಆದೆ.

ಈ ನಡುವೆ ಮೈಸೂರಿನ ನನ್ನ ಹಳೆಯ ಕಚೇರಿಯಲ್ಲಿ ಜಾಗ ಖಾಲಿಯಾಗಿದೆ, ಬರುತ್ತೀರಾ ಎಂದು ಕೇಳಿದರು. ಎರಡು ವಾರ ತೂಗಿ, ಸದ್ಯಕ್ಕೆ ಇಲ್ಲೇ ಇರುತ್ತೇನೆಂದು ಬರೆದೆ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲೇ ನನ್ನದೊಂದು ಕೋಣೆಯಿದೆ. ಅತ್ತಿಗೆಗೆ ಫೋನ್ ಮಾಡಿ ವಿಷಯ ತಿಳಿಸಿದೆ.

“ಹಾಗಾದ್ರೆ ನಿನ್ನ ಮಂಚ ತೆಗೆದು ಅಲ್ಲಿ ಮೇಜು ಹಾಕಿಸ್ಲಾ ಅಂತ ನಿಮ್ಮಣ್ಣ ಕೇಳ್ತಿದ್ರು.”

“ಬೇಡ ಅತ್ತಿಗೆ” ಎಂದೆ. ಎಷ್ಟು ಬೇಗ ಅಂದೆನೆಂದರೆ ನನಗೇ ನಾಚಿಕೆಯಾಯಿತು. “ಹಾಗೇ ಇರ್ಲಿ.”

“ನಾನೂ ಅದೇ ಹೇಳ್ದೆ” ಎಂದರು ಅತ್ತಿಗೆ.

ಮಾರನೆಯ ದಿನ ಇಂಡಿಯ ಪೇಟೆಯಲ್ಲಿ ನಾನೊಂದು ಮಂಚ ಕೊಂಡೆ. ಇಷ್ಟು ದಿನ ನೆಲದ ಮೇಲೆ ಹಾಸಿಕೊಂಡು ಮಲಗುತ್ತಿದ್ದೆ. ಹೇಗೂ ಹೊರಟುಹೋಗುವವಳು ಎಂಬ ಲೆಕ್ಕ. ಮಂಚ ಒಳಗೆ ಬಂದಾಗ ಶಾಂತಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಂದು ಕಡೆ ಹಿಡಿದರು.

“ತಲಿ ಯಾವ ಕಡೆ ಮಾಡ್ತಿ ತಂಗಿ?”

“ದಕ್ಷಿಣಕ್ಕೆ.”

“ಛಲೋ ಆತು. ಶಾಸ್ತ್ರದಾಗೂ ಹಂಗ ಹೇಳ್ಯಾರ” ಎಂದು ಅವರು ಮಂಚವನ್ನು ಆ ಕಡೆ ತಿರುಗಿಸಿದರು.

ಶಾಸ್ತ್ರ ನನಗೆ ಗೊತ್ತಿರಲಿಲ್ಲ. ಮೈಸೂರು ಆ ಕಡೆ ಇದೆ ಎಂದಷ್ಟೇ ಗೊತ್ತಿತ್ತು.